ಕೊಟ್ಟಿಗೆಯ ಕ್ಯಾಮೆರಾ ಹಾಲು ಕರೆಯುವವಳ ಕೈಯಲ್ಲಿರಲಿ



ಅಂಗಡಿಗೆ, ಮನೆ ಬಾಗಿಲಿಗೆ ಹಾಕುತ್ತಿದ್ದ ಕ್ಯಾಮೆರಾ ಈಗ ದನದ ಕೊಟ್ಟಿಗೆಗೂ ಬಂದಿದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಹಬ್ಬಕ್ಕೆ ಬರುವಾಗ ಒಂದು ತಂದು, ಅರ್ಧ ದಿನದಲ್ಲಿ ಕಂಬಕ್ಕೆ ಬಿಗಿದು, ತನ್ನ ಮೊಬೈಲಿಗೆ ಆ್ಯಪ್ ಹಾಕಿಕೊಂಡು ಹೋಗುತ್ತಾನೆ. ಎಡಕ್ಕೆ ಬಲಕ್ಕೆ ತಿರುಗುವ, ಮೇಲೆ ಕೆಳಗೆ ಬಾಗುವ, ದೂರದ್ದನ್ನು ಹತ್ತಿರ ಮಾಡಿ ತೋರಿಸುವ ಕ್ಯಾಮೆರಾ ಅದು. ಇಂಟರ್‌ನೆಟ್ ಇದ್ದರೆ ಎಲ್ಲಿಂದ ಬೇಕಾದರೂ ನೋಡಬಹುದು. ಆದರೆ ಹಲವು ಮನೆಗಳಲ್ಲಿ ನೋಡುವವರು ಬೆಂಗಳೂರಿನಲ್ಲಿರುತ್ತಾರೆ, ಹಸು ಸಾಕುವವಳು ಊರಿನಲ್ಲಿರುತ್ತಾಳೆ. ರಾತ್ರಿ ಎರಡು ಗಂಟೆಗೆ ಗಬ್ಬದ ಹಸು ಒದ್ದಾಡಿದರೆ ಟಾರ್ಚು ಹಿಡಿದು ಹೋಗಬೇಕಾದವಳು ಇವಳೇ. ಇವಳ ಮೊಬೈಲಿಗೆ ಮಾತ್ರ ಆ ಚಿತ್ರ ಬರುವುದಿಲ್ಲ.

ಕೊಟ್ಟಿಗೆಗೆ ಕ್ಯಾಮೆರಾ ಬೇಡ ಎಂದು ನಾನು ಹೇಳುವುದಿಲ್ಲ. ಸರಿಯಾಗಿ ಹಾಕಿಸಿದರೆ ಅದರಿಂದ ಒಂದು ಕರು ಉಳಿಯಬಹುದು, ಹಸುವೇ ಉಳಿಯಬಹುದು. ನನ್ನ ಅಭಿಪ್ರಾಯ ಇಷ್ಟೇ: ಕ್ಯಾಮೆರಾದ ಪಾಸ್‌ವರ್ಡ್ ಹಾಲು ಕರೆಯುವವಳ ಹತ್ತಿರ ಇರಬೇಕು, ಅದನ್ನು ತಿರುಗಿಸಲು ಅವಳಿಗೆ ಬರಬೇಕು, ಅದು ಎತ್ತ ನೋಡಬೇಕು ಎಂಬುದನ್ನು ಅವಳೇ ತೀರ್ಮಾನಿಸಬೇಕು.

ನಿಜವಾದ ಉಪಯೋಗ ಯಾವುದು?

ಮೊದಲನೆಯದು ಕರು ಹಾಕುವ ಹೊತ್ತು. ಹಸುವಿನ ಗಬ್ಬದ ಅವಧಿ ಸುಮಾರು 280 ದಿನ ಎಂದು ನಮಗೆಲ್ಲ ಗೊತ್ತು. ಆದರೆ ಹತ್ತು ದಿನ ಹಿಂದೆಮುಂದೆ ಆಗುವುದು ಸಾಮಾನ್ಯ. ಆ ಹತ್ತು ರಾತ್ರಿಯೂ ಹೆಂಗಸಿಗೆ ನಿದ್ದೆ ಇಲ್ಲ. ಗಂಟೆಗೊಮ್ಮೆ ಎದ್ದು ಹೋಗಬೇಕು. ಮಳೆಗಾಲವಾದರೆ ಕೆಸರು, ಹುಳಹುಪ್ಪಟೆ. ಕಾಡಂಚಿನ ಊರಾದರೆ ಚಿರತೆಯ ಭಯ. ಹಾಸಿಗೆಯಲ್ಲೇ ಮೊಬೈಲು ತೆರೆದು, ಹಸು ಮೆಲುಕು ಹಾಕುತ್ತಾ ಮಲಗಿದೆಯೋ, ಬಾಲ ಎತ್ತಿಕೊಂಡು ಎದ್ದು ಕೂತು ಒದ್ದಾಡುತ್ತಿದೆಯೋ ನೋಡುವಂತಾದರೆ ಅದು ಸಣ್ಣ ಅನುಕೂಲವಲ್ಲ.

ಇದಕ್ಕಿಂತ ಮುಖ್ಯವಾದದ್ದು ಸಮಯದ ಲೆಕ್ಕ. ನೀರಿನ ಚೀಲ ಕಾಣಿಸಿಕೊಂಡು ಎರಡು ಗಂಟೆಯಾದರೂ ಕರು ಬರುವ ಸೂಚನೆ ಇಲ್ಲದಿದ್ದರೆ ಪಶುವೈದ್ಯರನ್ನು ಕರೆಯಲೇಬೇಕು. ‘ಯಾವಾಗ ಶುರುವಾಯಿತಮ್ಮ?’ ಎಂದು ಡಾಕ್ಟರು ಕೇಳಿದಾಗ ನಾವು ‘ಬೆಳಗಿನ ಜಾವ ಇರಬೇಕು’ ಎನ್ನುತ್ತೇವೆ. ಕ್ಯಾಮೆರಾದ ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿದರೆ ಮೂರೂ ಹತ್ತಕ್ಕೆ ಎಂದು ನಿಖರವಾಗಿ ಹೇಳಬಹುದು. ಕರು ಹಾಕಿದ ಮೇಲೆ ಸತ್ತೆ 12 ಗಂಟೆಯೊಳಗೆ ಬಿತ್ತೇ, ಕರು ಮೊದಲ ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಯಿತೇ ಎಂಬುದಕ್ಕೂ ಇದೇ ಲೆಕ್ಕ. ಕರು ಹಾಕಿದ ಎರಡು ಮೂರು ದಿನಗಳಲ್ಲಿ ಹೆಚ್ಚು ಹಾಲಿನ ಹಸುಗಳಿಗೆ ಹಾಲು ಜ್ವರ ಬರುವುದುಂಟು. ಕುತ್ತಿಗೆ ತಿರುಗಿಸಿ ಪಕ್ಕೆಯ ಮೇಲೆ ತಲೆ ಇಟ್ಟು ಮಲಗಿದ ಹಸು ಮೇಲೇಳದೇ ಹೋದರೆ ಬೆಳಗಾಗುವವರೆಗೆ ಕಾಯುವಂತಿಲ್ಲ.

ಎರಡನೆಯದು ಬೆದೆ. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಅದರ ಲಕ್ಷಣ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಹೆಚ್ಚಾಗಿ ಕಾಣುತ್ತದೆ. ನಾವು ಮಲಗಿರುವ ಹೊತ್ತು ಅದು. ಒಂದು ಬೆದೆ ತಪ್ಪಿದರೆ ಇನ್ನೂ ಮೂರು ವಾರ ಹಿಂಡಿ, ಬೂಸಾ ಹಾಕಿ ಕಾಯಬೇಕು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು ಎಂಬ ಲೆಕ್ಕ ಸರಿಹೋಗಬೇಕಾದರೆ ಶುರುವಾದ ಹೊತ್ತು ಗೊತ್ತಿರಬೇಕು. ಬಯಲು ಕೊಟ್ಟಿಗೆಯಲ್ಲಿ ಬಿಟ್ಟು ಸಾಕುವವರಿಗೆ ಇದರ ಲಾಭ ಹೆಚ್ಚು, ಏಕೆಂದರೆ ಒಂದರ ಮೇಲೊಂದು ಹತ್ತುವುದು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಗಿಡ್ಡ ಹಗ್ಗದಲ್ಲಿ ಕಟ್ಟಿ ಸಾಕುವವರಿಗೆ ಎದ್ದು ಕೂರುವ ಚಡಪಡಿಕೆ, ಕೂಗು ಇಷ್ಟೇ ಸಿಗುತ್ತದೆ. ಲೋಳೆ ಕಾಣಬೇಕಾದರೆ ಹತ್ತಿರ ಹೋಗಿ ಕಣ್ಣಾರೆ ನೋಡಬೇಕು.

ಕೆಚ್ಚಲು ಬಿಸಿಯಾಗಿದೆಯೇ, ಹಾಲಿನಲ್ಲಿ ಗಡ್ಡೆ ಬಂದಿದೆಯೇ, ಕಿವಿ ತಣ್ಣಗಿದೆಯೇ ಎಂಬುದನ್ನು ಕ್ಯಾಮೆರಾ ಹೇಳುವುದಿಲ್ಲ. ಅದಕ್ಕೆ ಕೈಯೇ ಆಗಬೇಕು.

ಕೊಳ್ಳುವಾಗ, ಹಾಕಿಸುವಾಗ

ಮಳೆ, ಬಿಸಿಲು ತಡೆಯುತ್ತದೆ ಎಂದು ಅಂಗಡಿಯವರು ಹೇಳಿದರೆ ಸಾಲದು, ಡಬ್ಬಿಯ ಮೇಲೆ ಐಪಿ66 ಎಂದಿದೆಯೇ ನೋಡಿ. ಮೊದಲ 6 ಎಂದರೆ ದೂಳು ಒಳಗೆ ಹೋಗದು, ಎರಡನೇ 6 ಎಂದರೆ ಜೋರಾಗಿ ಬಿಟ್ಟ ನೀರನ್ನೂ ತಡೆಯುತ್ತದೆ. ಬೂಸಾ ದೂಳು ಏಳುವ, ದಿನಾ ಪೈಪಿನಲ್ಲಿ ತೊಳೆಯುವ ಕೊಟ್ಟಿಗೆಗೆ ಇವೆರಡೂ ಬೇಕು. ಆದರೆ ಈ ರಕ್ಷಣೆ ಕ್ಯಾಮೆರಾದ ಮೈಗೆ ಮಾತ್ರ. ಅದರ ಹಿಂದೆ ಬಾಲದಂತೆ ಬರುವ ವೈರಿನ ಜಾಯಿಂಟ್‌ಗಳಿಗೆ ಆ ರಕ್ಷಣೆ ಇರುವುದಿಲ್ಲ. ಜಾಯಿಂಟನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಬಾಕ್ಸಿನೊಳಗೆ ಹಾಕಿಸಿ. ವೈರು ಬಾಕ್ಸಿಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋಲಿ ಮೇಲಕ್ಕೆ ಏರುವಂತಿರಲಿ. ಮಳೆ ನೀರು ಜೋಲಿದ ಜಾಗದಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಇಲಿ ಕಡಿಯದಂತೆ ವೈರಿಗೆ ಪೈಪು ಹಾಕಿಸಿ.

ಎತ್ತರ ಎಂಟರಿಂದ ಹತ್ತು ಅಡಿ ಸಾಕು. ಹಸು ಕೊಂಬು ತಾಗಿಸಬಾರದು, ನಾವು ಸ್ಟೂಲು ಹತ್ತಿ ಒರೆಸುವಂತಿರಬೇಕು. ಮೂಡಣ ಪಡುವಣ ಸೂರ್ಯನಿಗೆ, ಉರಿಯುವ ಬಲ್ಬಿಗೆ ನೇರ ಮುಖ ಮಾಡಿಸಬೇಡಿ. ರಾತ್ರಿ ಕ್ಯಾಮೆರಾ ತನ್ನದೇ ಕಾಣದ ಬೆಳಕಿನಲ್ಲಿ ನೋಡುತ್ತದೆ. ಮುಂದೆ ಜೇಡರ ಬಲೆ ಇದ್ದರೆ ಆ ಬೆಳಕು ಬಲೆಗೇ ಬಡಿದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಜೂಮ್ ವಿಷಯದಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ‘ಆಪ್ಟಿಕಲ್ಲೋ, ಡಿಜಿಟಲ್ಲೋ?’ ಆಪ್ಟಿಕಲ್ ಆದರೆ ಒಳಗಿನ ಗಾಜು ಸರಿದು ನಿಜವಾಗಿ ಹತ್ತಿರದಿಂದ ಕಂಡಂತೆ ಕಾಣುತ್ತದೆ. ಡಿಜಿಟಲ್ ಆದರೆ ಇದ್ದ ಚಿತ್ರವನ್ನೇ ಹಿಗ್ಗಿಸುತ್ತದೆ, ಮಸುಕಾಗುತ್ತದೆ. ನಾಲ್ಕೈದು ಹಸುವಿನ ಕೊಟ್ಟಿಗೆಗೆ ಡಿಜಿಟಲ್ ಸಾಕು. ಅದಕ್ಕೆ ಆಪ್ಟಿಕಲ್ ಬೆಲೆ ಕೊಡಬೇಡಿ.

ತಿರುಗುವ ಕ್ಯಾಮೆರಾಕ್ಕೆ ಒಂದು ಕೊರತೆ ಇದೆ. ಅದು ಬಾಗಿಲ ಕಡೆ ನೋಡುತ್ತಿರುವಾಗ ಕರುವಿನ ಕಡೆ ಏನಾದರೂ ಆದರೆ ಅದು ರೆಕಾರ್ಡ್ ಆಗುವುದಿಲ್ಲ. ಅದಕ್ಕೇ ಮಲಗುವ ಮುಂಚೆ ಗಬ್ಬದ ಹಸುವಿನ ಕಡೆ ತಿರುಗಿಸಿ ಬಿಡುವುದು ಒಂದು ಅಭ್ಯಾಸವಾಗಬೇಕು. ಬಹಳಷ್ಟು ಆ್ಯಪ್‌ಗಳಲ್ಲಿ ‘ಪ್ರಿಸೆಟ್’ ಎಂದಿರುತ್ತದೆ. ಬಾಗಿಲು, ಗಬ್ಬದ ಹಸು, ಕರು ಎಂದು ಮೂರು ಜಾಗ ಗುರುತಿಟ್ಟುಕೊಂಡರೆ ಒಂದು ಸಲ ಒತ್ತಿದರೆ ಸಾಕು, ತಾನೇ ಅತ್ತ ತಿರುಗುತ್ತದೆ.

ಇಂಟರ್‌ನೆಟ್ಟಿಗೆ ಮೂರು ದಾರಿ. ಮನೆಯಲ್ಲಿ ವೈಫೈ ಇದ್ದು ಕೊಟ್ಟಿಗೆ ಪಕ್ಕದಲ್ಲೇ ಇದ್ದರೆ ಅದೇ ಸಾಕು. ಆದರೆ ತಗಡಿನ ಗೋಡೆ ವೈಫೈಯನ್ನು ತಡೆಯುತ್ತದೆ. ಸ್ವಲ್ಪ ದೂರವಿದ್ದರೆ ಕರೆಂಟೂ ಚಿತ್ರವೂ ಒಂದೇ ಕೇಬಲ್ಲಿನಲ್ಲಿ ಹೋಗುವ ಪಿಒಇ ಕ್ಯಾಮೆರಾ ಒಳ್ಳೆಯದು, 100 ಮೀಟರಿನವರೆಗೆ ಎಳೆಯಬಹುದು. ತೋಟದಲ್ಲಿ ಕೊಟ್ಟಿಗೆ ಇದ್ದರೆ 4ಜಿ ಸಿಮ್ ಹಾಕುವ ಕ್ಯಾಮೆರಾ. ಕೊಳ್ಳುವ ಮೊದಲು ಆ ಜಾಗದಲ್ಲೇ ನಿಂತು ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎಂದು ನೋಡಿ. ಕ್ಯಾಮೆರಾದೊಳಗಿನ ಕಾರ್ಡಿಗೆ ರೆಕಾರ್ಡ್ ಆಗುವುದಕ್ಕೆ ಡೇಟಾ ಖರ್ಚಾಗುವುದಿಲ್ಲ, ನಾವು ಮೊಬೈಲಿನಲ್ಲಿ ನೋಡಿದಷ್ಟು ಹೊತ್ತು ಖರ್ಚಾಗುತ್ತದೆ. ಸೆಕೆಂಡಿಗೆ 1 ಮೆಗಾಬಿಟ್ ಎಂದು ಇಟ್ಟುಕೊಂಡರೆ ಒಂದು ಗಂಟೆ ನೋಡಲು ಸುಮಾರು 450 ಎಂಬಿ. ಅದೇ ಲೆಕ್ಕದಲ್ಲಿ 128 ಜಿಬಿ ಕಾರ್ಡಿನಲ್ಲಿ ಹತ್ತು ಹನ್ನೊಂದು ದಿನದ ರೆಕಾರ್ಡ್ ಉಳಿಯುತ್ತದೆ. ಆಮೇಲೆ ಹಳೆಯದನ್ನು ತಾನೇ ಅಳಿಸಿಕೊಂಡು ಹೊಸದನ್ನು ಬರೆಯುತ್ತದೆ.

ಕರೆಂಟು ಹೋದರೆ ಎಲ್ಲವೂ ನಿಂತಿತು. ಒಂದು ಸಣ್ಣ ಯುಪಿಎಸ್ ಬೇಕು. ವೈಫೈ ಆದರೆ ಮನೆಯ ರೂಟರಿಗೂ ಒಂದು ಬೇಕು ಎಂಬುದನ್ನು ಮರೆಯಬೇಡಿ.

ಪಾಸ್‌ವರ್ಡ್ ಯಾರ ಹತ್ತಿರ?

ರಾಜ್ಯ ಸರ್ಕಾರ ಲೀಟರಿನ ಲೆಕ್ಕದಲ್ಲಿ ಕೊಡುವ ಪ್ರೋತ್ಸಾಹಧನ ನಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆ ನಮ್ಮ ಹೆಸರಿನಲ್ಲಿದ್ದರೂ ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ ಎಂಬುದರ ಮೇಲೆ ಆ ದುಡ್ಡು ಯಾರದು ಎಂಬುದು ನಿಂತಿದೆ. ಕ್ಯಾಮೆರಾದ ವಿಷಯವೂ ಹಾಗೆಯೇ.

ಈ ಆ್ಯಪ್‌ಗಳಲ್ಲಿ ಒಬ್ಬರು ಯಜಮಾನರು, ಉಳಿದವರಿಗೆ ಅವರು ಕೊಟ್ಟಷ್ಟು ಅಧಿಕಾರ. ಮೊದಲು ಯಾರ ಮೊಬೈಲಿನಲ್ಲಿ ಕ್ಯಾಮೆರಾ ಸೇರಿಸುತ್ತಾರೋ ಅವರೇ ಯಜಮಾನರು. ಹಾಗಾಗಿ ಹಾಕಿಸುವ ದಿನವೇ ನಿಮ್ಮ ಮೊಬೈಲಿನಲ್ಲಿ ಸೇರಿಸಲು ಹೇಳಿ. ಮಗನಿಗೆ, ಯಜಮಾನರಿಗೆ ನೀವು ಹಂಚಿಕೊಡಿ. ಮಗ ದೂರದಿಂದ ನೋಡಿ ‘ಅಮ್ಮಾ, ಏಳು’ ಎಂದು ಫೋನ್ ಮಾಡಿದರೆ ಒಳ್ಳೆಯದೇ. ಆದರೆ ಅವನು ಫೋನ್ ಮಾಡುವವರೆಗೂ ತನ್ನ ಹಸುವಿನ ಸ್ಥಿತಿ ತಾಯಿಗೆ ಗೊತ್ತಾಗದಂತೆ ಇರಬಾರದು.

ಕ್ಯಾಮೆರಾ ಜೊತೆ ಬಂದ ಪಾಸ್‌ವರ್ಡನ್ನು ಅವತ್ತೇ ಬದಲಾಯಿಸಿ. 2016ರಲ್ಲಿ ಮಿರಾಯ್ ಎಂಬ ವೈರಸ್ಸು ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ ಮತ್ತಿತರ ಯಂತ್ರಗಳೊಳಗೆ ಹೊಕ್ಕಿದ್ದು, ಕಂಪನಿ ಇಟ್ಟ ಪಾಸ್‌ವರ್ಡನ್ನು ಜನ ಹಾಗೇ ಬಿಟ್ಟಿದ್ದರಿಂದ.

ಇನ್ನೊಂದು ಮಾತನ್ನು ಬಾಯಿಬಿಟ್ಟು ಹೇಳಬೇಕಾಗಿದೆ. ಕೊಟ್ಟಿಗೆ ನಮಗೆ ದನ ಕಟ್ಟುವ ಜಾಗ ಮಾತ್ರವಲ್ಲ. ಸೀರೆ ಎತ್ತಿ ಕಟ್ಟಿ ಸಗಣಿ ಬಾಚುತ್ತೇವೆ. ಪಕ್ಕದಲ್ಲೇ ಬಚ್ಚಲು, ಬಟ್ಟೆ ಒಗೆಯುವ ಕಲ್ಲು ಇರುತ್ತದೆ. ಅತ್ತೆ ಸೊಸೆ ಮನಸ್ಸು ಬಿಚ್ಚಿ ಮಾತಾಡುವುದೂ ಅಲ್ಲೇ. ಈ ಕ್ಯಾಮೆರಾ ತಿರುಗುತ್ತದೆ, ಹಲವಕ್ಕೆ ಮೈಕೂ ಇದೆ. ಹಸು ನೋಡಲು ತಂದದ್ದು ಸೊಸೆ ಎಷ್ಟು ಹೊತ್ತಿಗೆ ಎದ್ದಳು, ಕೂಲಿಯವಳು ಎಷ್ಟು ಹೊತ್ತು ಕೂತಳು ಎಂದು ಲೆಕ್ಕ ಹಾಕುವ ಸಾಧನವಾಗಲು ಒಂದು ದಿನ ಸಾಕು. ಬಚ್ಚಲು, ಪಕ್ಕದ ಮನೆಯ ಹಿತ್ತಲು ಕಾಣದ ಜಾಗದಲ್ಲಿ ಅದನ್ನು ಬಿಗಿಸಿ. ಕೆಲವು ಭಾಗವನ್ನು ಕಪ್ಪು ಮಾಡಿ ಮುಚ್ಚುವ ಸೌಕರ್ಯ ಹಲವು ಕ್ಯಾಮೆರಾಗಳಲ್ಲಿದೆ, ಬಳಸಿ. ಅಗತ್ಯವಿಲ್ಲದಾಗ ಮೈಕ್ ಆರಿಸಿ. ಕೆಲಸಕ್ಕೆ ಬರುವವರಿಗೆ ಕ್ಯಾಮೆರಾ ಇದೆ ಎಂದು ಮೊದಲೇ ಹೇಳಿ. ಹೆಣ್ಣುಮಕ್ಕಳ ಖಾಸಗಿ ಹೊತ್ತನ್ನು ಕದ್ದು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ ಎಂಬುದು ಎಲ್ಲರಿಗೂ ಗೊತ್ತಿರಲಿ.

‘ಅಮ್ಮನಿಗೆ ಅದೆಲ್ಲಾ ಬರಲ್ಲ ಬಿಡಿ’ ಎನ್ನುವವರಿದ್ದಾರೆ. 1986-87ರಲ್ಲಿ ಆರಂಭವಾದ ‘ಸ್ಟೆಪ್’ ಯೋಜನೆಯ ನೆರವಿನಿಂದ ನಮ್ಮ ರಾಜ್ಯದಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘಗಳು ಬೆಳೆದವು. ಇಂದು ಅವುಗಳ ಲೆಕ್ಕ ಬರೆಯುವವರು, ಹಾಲು ಪರೀಕ್ಷೆ ಮಾಡುವವರು, ಸಭೆ ನಡೆಸುವವರು ಹೆಂಗಸರೇ. ಫ್ಯಾಟು, ಎಸ್‌ಎನ್‌ಎಫ್ ಚೀಟಿ ಓದುವವಳಿಗೆ, ಹಾಲು ಕರೆಯುವ ಯಂತ್ರ ನಡೆಸುವವಳಿಗೆ, ಆ್ಯಪ್‌ನಲ್ಲಿರುವ ನಾಲ್ಕು ಬಾಣದ ಗುರುತು ಒತ್ತುವುದು ಕಷ್ಟವೇ?

ಎಲ್ಲರೂ ಕೊಳ್ಳಬೇಕಾಗಿಲ್ಲ

ಒಂದೆರಡು ಹಸು ಇದ್ದು, ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇದ್ದರೆ ಕ್ಯಾಮೆರಾ ಬೇಡ. ಆ ದುಡ್ಡಿಗೆ ಮೊದಲು ಖನಿಜ ಮಿಶ್ರಣ ತನ್ನಿ, ಹಸುವಿನ ವಿಮೆ ಕಟ್ಟಿ, ಕಾಲಿನಡಿಗೆ ರಬ್ಬರ್ ಮ್ಯಾಟ್ ಹಾಕಿ. ಸಾಲ ಮಾಡಿಯಂತೂ ತರಬೇಡಿ.

ನನ್ನದೊಂದು ಸಲಹೆ ಇದೆ. ಪ್ರತಿ ಮಹಿಳಾ ಸಂಘವೂ 4ಜಿ ಸಿಮ್ ಇರುವ ಒಂದು ಕ್ಯಾಮೆರಾ, ಒಂದು ಸಣ್ಣ ಯುಪಿಎಸ್ ಕೊಂಡು ಇಟ್ಟುಕೊಳ್ಳಲಿ. ಯಾರ ಹಸು ಕರು ಹಾಕುವ ದಿನಕ್ಕೆ ಬಂದಿದೆಯೋ ಆ ಸದಸ್ಯೆಗೆ ಹತ್ತು ಹದಿನೈದು ದಿನಕ್ಕೆ ಕೊಡಲಿ. ಗರ್ಭಧಾರಣೆಯ ತಾರೀಖು ಬರೆದಿಟ್ಟಿದ್ದರೆ ಸರದಿ ಹಾಕುವುದು ಸುಲಭ. ಮೊದಲ ಕರುವಿನ ಕಡಸು ಇದ್ದವರಿಗೆ, ಒಬ್ಬಂಟಿಯಾಗಿ ಹಸು ಸಾಕುವವರಿಗೆ ಮೊದಲ ಆದ್ಯತೆ ಇರಲಿ. ಕಾರ್ಡು ಮಾತ್ರ ಅವರವರದ್ದೇ ಆಗಬೇಕು. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಹಿಂದಿನವರು ತಮ್ಮ ಆ್ಯಪ್‌ನಿಂದ ಕ್ಯಾಮೆರಾ ತೆಗೆದುಹಾಕಿ, ಕ್ಯಾಮೆರಾದ ರೀಸೆಟ್ ಒತ್ತಿ ಕೊಡಬೇಕು. ಇಲ್ಲವಾದರೆ ಒಬ್ಬರ ಕೊಟ್ಟಿಗೆ ಇನ್ನೊಬ್ಬರ ಮೊಬೈಲಿನಲ್ಲಿ ಕಾಣುತ್ತದೆ. ಬಳಸುವುದನ್ನು ಹೇಳಿಕೊಡಲು ಒಕ್ಕೂಟದ ವಿಸ್ತರಣಾ ಸಿಬ್ಬಂದಿ ಒಂದು ಮಧ್ಯಾಹ್ನ ಬಂದರೆ ಸಾಕು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಿಮ್ಮ ಸಂಘದಲ್ಲಿ ಈ ವಿಷಯ ಎತ್ತಿ. ಈಗಾಗಲೇ ಮನೆಯಲ್ಲಿ ಕ್ಯಾಮೆರಾ ಇದ್ದವರು ಇವತ್ತು ಸಂಜೆ ಹಾಲು ಹಾಕಿ ಬಂದ ಮೇಲೆ ಮಗನಿಗೋ ಯಜಮಾನರಿಗೋ ಕೇಳಿ: ‘ಅದನ್ನು ನನ್ನ ಮೊಬೈಲಿಗೂ ಹಾಕಿಕೊಡು, ತಿರುಗಿಸುವುದು ಹೇಗೆ ತೋರಿಸು.’