ತಾಮ್ರಶಾಸನದ ಆಚೆಗೆ: ಕೊಚ್ಚಿ ಯೆಹೂದಿ ಮಹಿಳೆಯರ ಹಾಡಿನ ಪುಸ್ತಕಗಳು ಮತ್ತು ಅನನ್ಯತೆಯ ಪ್ರಶ್ನೆ

ಸಣ್ಣ ಸಮುದಾಯಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ‘ಇವರು ಎಲ್ಲಿಂದ ಬಂದವರು?’ ಎಂಬ ಪ್ರಶ್ನೆಯಿಂದ ಆರಂಭವಾಗುತ್ತವೆ. ಮೂಲದ ಹುಡುಕಾಟ ಸಂಶೋಧನೆಯ ಅಗತ್ಯಗಳಲ್ಲೊಂದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಮೊದಲ ಪ್ರಶ್ನೆಯೇ ಕೊನೆಯ ಪ್ರಶ್ನೆಯೂ ಆಗಿಬಿಟ್ಟಾಗ, ಆ ಸಮುದಾಯ ತಾನು ನೆಲೆನಿಂತ ನೆಲದಲ್ಲಿ ಶತಮಾನಗಳ ಕಾಲ ಕಟ್ಟಿಕೊಂಡ ಬದುಕು ಅಡಿಟಿಪ್ಪಣಿಯ ಮಟ್ಟಕ್ಕೆ ಇಳಿಯುತ್ತದೆ. ಕೇರಳದ ಕೊಚ್ಚಿ ಯೆಹೂದಿಗಳ ನಿದರ್ಶನ ಈ ಅಪಾಯವನ್ನೂ ಅದನ್ನು ಮೀರುವ ದಾರಿಯನ್ನೂ ಒಟ್ಟಿಗೆ ತೋರಿಸುತ್ತದೆ. ಈ ಸಮುದಾಯದ ಅನನ್ಯತೆಯನ್ನು ಅರಿಯಲು ವಂಶಾವಳಿಗಿಂತ ಅಲ್ಲಿನ ಮಹಿಳೆಯರು ಮಲಯಾಳದಲ್ಲಿ ಬರೆದಿಟ್ಟುಕೊಂಡ ಹಾಡಿನ ಪುಸ್ತಕಗಳು ಹೆಚ್ಚು ವಿಶ್ವಾಸಾರ್ಹವಾದ ಆಕರಗಳು ಎಂಬುದು ಪ್ರಸ್ತುತ ಲೇಖನದ ನಿಲುವು.

ಕೊಚ್ಚಿ ಯೆಹೂದಿಗಳ ಚರಿತ್ರೆಗೆ ದೊರೆಯುವ ಗಟ್ಟಿಯಾದ ಪ್ರಾಚೀನ ಆಧಾರವೆಂದರೆ ಕ್ರಿ.ಶ. 1000ರ ಸುಮಾರಿನಲ್ಲಿ ಚೇರ ದೊರೆ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನನಿಗೆ ನೀಡಿದ ತಾಮ್ರಶಾಸನ. ವಟ್ಟೆಳುತ್ತು ಲಿಪಿಯ ಈ ಶಾಸನ 72 ಹಕ್ಕುಗಳನ್ನು ಉಲ್ಲೇಖಿಸುತ್ತದೆ. ಹಗಲು ದೀಪ, ನಡೆಮಡಿ, ಪಲ್ಲಕ್ಕಿ, ಕೊಡೆ, ವಾದ್ಯ, ತೋರಣ ಇವೆಲ್ಲ ಅದರಲ್ಲಿ ಹೆಸರಿಸಿದ ಮರ್ಯಾದೆಗಳು. ದಕ್ಷಿಣ ಭಾರತದ ಶಾಸನಗಳನ್ನು ಬಲ್ಲವರಿಗೆ ಈ ಪಟ್ಟಿ ಅಪರಿಚಿತವಲ್ಲ. ಹೊರಗಿನಿಂದ ಬಂದ ವರ್ತಕ ಸಮುದಾಯವೊಂದನ್ನು ಇಲ್ಲಿನ ಅರಸೊತ್ತಿಗೆ ಇಲ್ಲಿನ ಗೌರವದ ಭಾಷೆಯಲ್ಲೇ ಒಳಗು ಮಾಡಿಕೊಂಡ ಬಗೆಯಿದು. ಆದರೆ ಮುಂದಿನ ಕಾಲದಲ್ಲಿ ಈ ಶಾಸನದ ಉಪಯೋಗವೇ ಬೇರೆಯಾಯಿತು. 1568ರಲ್ಲಿ ಮಟ್ಟಾಂಚೇರಿಯಲ್ಲಿ ಪರದೇಸಿ ಸಿನಗಾಗ್ ಕಟ್ಟಿದ, ಬಹುಪಾಲು ಯುರೋಪು ಹಾಗೂ ಪಶ್ಚಿಮ ಏಷ್ಯಾ ಮೂಲದ ಕುಟುಂಬಗಳೂ, ಅವರಿಗಿಂತ ಬಹು ಹಿಂದಿನಿಂದ ನೆಲೆಸಿದ್ದ ಮಲಬಾರಿ ಯೆಹೂದಿಗಳೂ ಶಾಸನದ ನಿಜವಾದ ವಾರಸುದಾರರು ತಾವೇ ಎಂದು ವಾದಿಸತೊಡಗಿದರು. ಹೀಗೆ ಮೂಲದ ದಾಖಲೆ ಮೇಲುಕೀಳಿನ ದಾಖಲೆಯಾಗಿ ಮಾರ್ಪಟ್ಟಿತು.

‘ಬಿಳಿ’ ಮತ್ತು ‘ಕಪ್ಪು’ ಯೆಹೂದಿಗಳೆಂಬ ವಿಂಗಡಣೆ ಈ ವಾದದ ಕೂಸು. ಎರಡೂ ಗುಂಪುಗಳ ನಡುವೆ ವಿವಾಹ ಸಂಬಂಧ ನಿಷಿದ್ಧವಾಗಿತ್ತು. ಪರದೇಸಿ ಸಿನಗಾಗಿನೊಳಗೆ ಬಿಡುಗಡೆ ಹೊಂದಿದ ಗುಲಾಮರ ಸಂತತಿಯೆನಿಸಿದವರಿಗೆ ಸಮಾನ ಸ್ಥಾನವಿರಲಿಲ್ಲ. ಈ ಹಿನ್ನೆಲೆಯಿಂದ ಬಂದ ವಕೀಲ ಎ.ಬಿ. ಸೇಲಂ (1882–1967) ಅವರು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಗಾಂಧೀಜಿಯವರ ಸತ್ಯಾಗ್ರಹದ ಮಾದರಿಯನ್ನು ಪ್ರಾರ್ಥನಾ ಮಂದಿರದೊಳಕ್ಕೇ ತಂದು ಈ ಭೇದದ ವಿರುದ್ಧ ಹೋರಾಡಿದರು. ಮೂಲದ ಪ್ರಶ್ನೆ ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ಮರಾಠಿ ಮಾತಾಡುವ ಬೆನೆ ಇಸ್ರೇಲ್ ಸಮುದಾಯದ ಅನುಭವವೂ ಸಾಕ್ಷಿ. ಇಸ್ರೇಲಿಗೆ ವಲಸೆ ಹೋದ ಮೇಲೆ ಅವರ ಮದುವೆಗಳಿಗೆ ಮುನ್ನ ತಾಯಿಯ ಕಡೆಯ ಪೂರ್ವಿಕರ ವಿಚಾರಣೆ ನಡೆಯಬೇಕೆಂದು 1960ರ ದಶಕದ ಆರಂಭದಲ್ಲಿ ಅಲ್ಲಿನ ಧರ್ಮಪೀಠ ಸೂಚಿಸಿತು. ದೀರ್ಘ ಪ್ರತಿಭಟನೆಯ ನಂತರ, 1964ರಲ್ಲಿ ಅಲ್ಲಿನ ಸಂಸತ್ತು ಅವರ ಪರ ನಿಂತಿತು. ‘ನೀವು ಯಾರ ಮಕ್ಕಳು?’ ಎಂಬ ಪ್ರಶ್ನೆ ಕೇಳುವವರ ಅಧಿಕಾರವನ್ನು ತೋರಿಸುತ್ತದೆಯೇ ಹೊರತು ಉತ್ತರಿಸುವವರ ಬದುಕನ್ನಲ್ಲ.

ಈ ಬದುಕನ್ನು ಕಾಣಬೇಕಾದರೆ ಬೇರೊಂದು ಬಗೆಯ ಪಠ್ಯದತ್ತ ಹೊರಳಬೇಕಾಗುತ್ತದೆ. ಕೊಚ್ಚಿ, ಎರ್ನಾಕುಲಂ, ಪರವೂರು, ಚೇಂದಮಂಗಲಂ ಮತ್ತು ಮಾಳದ ಯೆಹೂದಿ ಮನೆಗಳಲ್ಲಿ ಮಹಿಳೆಯರು ಮಲಯಾಳ ಹಾಡುಗಳನ್ನು ಪುಸ್ತಕಗಳಲ್ಲಿ ಕೈಬರಹದಲ್ಲಿ ನಕಲು ಮಾಡಿಟ್ಟುಕೊಳ್ಳುತ್ತಿದ್ದರು. ಇಂದು ಲಭ್ಯವಿರುವ ಪುಸ್ತಕಗಳಲ್ಲಿ ಹಳೆಯವು ಹತ್ತೊಂಬತ್ತನೆಯ ಶತಮಾನದವು. ಅವುಗಳಿಂದ ಇನ್ನೂರಕ್ಕೂ ಮೀರಿದ ಹಾಡುಗಳು ದೊರೆತಿವೆ. ಮದುವೆಯ ಹಾಡುಗಳು, ಬೈಬಲ್ಲಿನ ಕಥೆಗಳನ್ನು ಹೇಳುವ ಹಾಡುಗಳು, ಒಂದೊಂದು ಊರಿನ ಸಿನಗಾಗನ್ನು ಕೊಂಡಾಡುವ ಹಾಡುಗಳು, ಕೊನೆಗೆ ಪವಿತ್ರ ಭೂಮಿಗೆ ಮರಳುವ ಹಂಬಲದ ಆಧುನಿಕ ಹಾಡುಗಳು ಇವುಗಳಲ್ಲಿ ಸೇರಿವೆ. ಹಾಡುಗಳಲ್ಲಿ ದೇವರು ‘ತಂಬುರಾನ್’. ಕೇರಳದ ನೆರೆಹೊರೆ ಒಡೆಯನಿಗೂ ದೈವಕ್ಕೂ ಬಳಸುವ ಪದವೇ ಇದು. ಹೆಣ್ಣಿನ ಹಾಡುಗಂಟಲನ್ನು ಪುರುಷರು ಕೇಳಬಾರದೆಂಬ ಕಟ್ಟುಪಾಡು ಯೆಹೂದಿ ಸಂಪ್ರದಾಯದಲ್ಲಿ ಬೇರೆಡೆ ಬಲವಾಗಿದ್ದರೂ, ಕೇರಳದಲ್ಲಿ ಈ ಮಹಿಳೆಯರು ಪುರುಷರ ಸಮ್ಮುಖದಲ್ಲೇ ಹಾಡುತ್ತಿದ್ದರು. ತಾಳಿ ಕಟ್ಟುವ ಆಚರಣೆಯೂ ಆ ಮದುವೆಗಳಲ್ಲಿತ್ತು.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಪರದೇಸಿ ಮನೆಗಳ ಪುಸ್ತಕಗಳಲ್ಲೂ ಮಲಬಾರಿ ಮನೆಗಳ ಪುಸ್ತಕಗಳಲ್ಲೂ ಅನೇಕ ಹಾಡುಗಳು ಸಮಾನವಾಗಿವೆ. ಹೆಣ್ಣು ಕೊಟ್ಟು ತರದ ಈ ಎರಡು ಗುಂಪುಗಳು ಹಾಡುಗಳನ್ನು ಕೊಟ್ಟು ತಂದಿವೆ. ಪುರುಷರ ವಾದವಿವಾದ ಗೋಡೆ ಕಟ್ಟುತ್ತಿದ್ದ ಕಾಲದಲ್ಲಿಯೇ ಮಹಿಳೆಯರ ಲೇಖನಿ ಆ ಗೋಡೆಯನ್ನು ದಾಟಿದೆ. ಹೀಗಿರುವಾಗ ಸಮುದಾಯದ ಅನನ್ಯತೆಯನ್ನು ತಾಮ್ರಶಾಸನದ ವಾರಸುದಾರಿಕೆಯ ಮೇಲೆ ನಿರ್ಣಯಿಸಿದರೆ ಎರಡು ಸಮುದಾಯಗಳು ಕಾಣುತ್ತವೆ. ಹಾಡಿನ ಪುಸ್ತಕಗಳ ಮೇಲೆ ನಿರ್ಣಯಿಸಿದರೆ ಒಂದೇ ಸಮುದಾಯ ಕಾಣುತ್ತದೆ.

ಈ ನಿಲುವಿಗೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಇವು ಮಲಯಾಳದ ಜನಪದ ಹಾಡುಗಳ ಅನುಕರಣೆಗಳು, ಇವುಗಳಲ್ಲಿ ಯೆಹೂದಿತನ ಎಷ್ಟಿದೆ ಎಂಬುದು. ಧರ್ಮವನ್ನು ಹೀಬ್ರೂ ಗ್ರಂಥದಲ್ಲಿ ಮಾತ್ರ ಕಾಣುವವರಿಗೆ ಈ ಸಂದೇಹ ಸಹಜ. ಆದರೆ ಕೊಚ್ಚಿಯ ಯೆಹೂದಿಗಳು ಹೀಬ್ರೂವನ್ನು ಬಿಟ್ಟು ಮಲಯಾಳಕ್ಕೆ ಬಂದವರಲ್ಲ. ಪ್ರಾರ್ಥನೆಯ ಹೀಬ್ರೂವನ್ನು ಉಳಿಸಿಕೊಂಡೇ ಮಲಯಾಳದಲ್ಲಿ ಹಾಡಿದವರು. ಎರಡು ಭಾಷೆಗಳ ನಡುವಿನ ಈ ಕೆಲಸದ ಹಂಚಿಕೆಯೇ ಡಯಾಸ್ಪೋರಾ ಬದುಕಿನ ಮುಖ್ಯ ಲಕ್ಷಣ. ಎರಡನೆಯ ಆಕ್ಷೇಪವೆಂದರೆ, ಎಷ್ಟೋ ಹಾಡುಗಳ ಹಳೆಯ ಪದಗಳು ಹಾಡುವವರಿಗೇ ಅರ್ಥವಾಗುತ್ತಿರಲಿಲ್ಲ ಎಂಬುದು. ಇದು ನಿಜ. ಆದರೆ ಅರ್ಥ ಮಸುಕಾದ ಮೇಲೂ ಒಂದು ಪದವನ್ನು ತಪ್ಪದೆ ನಕಲು ಮಾಡುವ ಶ್ರದ್ಧೆ ಪರಂಪರೆಯ ದೌರ್ಬಲ್ಯವಲ್ಲ. ಅದನ್ನು ಬಿಡಿಸುವ ಹೊಣೆ ಭಾಷಾ ವಿದ್ವಾಂಸರದು.

ಈ ಹೊಣೆ ನಿರ್ವಹಣೆಯ ಕಾಲ ತಡವಾಗಿ ಒದಗಿತು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಸುಮಾರು 2,400ರಷ್ಟಿದ್ದ ಸಮುದಾಯದ ಬಹುಪಾಲು ಜನರು ಇಸ್ರೇಲಿಗೆ ತೆರಳಿದರು. ಆನೆಕಾಲು ರೋಗದ ಭೀತಿಯಿಂದ ಅವರ ವಲಸೆಯನ್ನು ಅಲ್ಲಿನ ಅಧಿಕಾರಿಗಳು ಕೆಲಕಾಲ ತಡೆಹಿಡಿದದ್ದೂ ಉಂಟು. ನೆವಾಟಿಂ, ಮೆಸಿಲಾತ್ ಸಿಯೋನ್ ಮೊದಲಾದ ಕೃಷಿ ಗ್ರಾಮಗಳಲ್ಲಿ ನೆಲೆಸಿದವರ ಮಕ್ಕಳು ಹೀಬ್ರೂವಿನಲ್ಲಿ ಬೆಳೆದರು. ಮಲಯಾಳ ಅಜ್ಜಿಯರ ಭಾಷೆಯಾಯಿತು. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಒಳಾಂಗಣವನ್ನು ಜೆರುಸಲೇಮಿನ ಇಸ್ರೇಲ್ ವಸ್ತುಸಂಗ್ರಹಾಲಯದಲ್ಲಿ ಮರುಜೋಡಿಸಲಾಗಿದೆ. ಮರದ ಕೆತ್ತನೆಯನ್ನು ಬಿಚ್ಚಿ ಜೋಡಿಸಬಹುದು. ಹಾಡನ್ನು ಬಲ್ಲವರಿಲ್ಲದೆ ಜೋಡಿಸಲಾಗದು. ಬಾರ್ಬರಾ ಜಾನ್ಸನ್, ಪಿ.ಎಂ. ಜುಸ್ಸೆ ಮೊದಲಾದವರ ಸಂಗ್ರಹಕಾರ್ಯ, ಮಲಯಾಳದ ಪ್ರಾಧ್ಯಾಪಕ ಸ್ಕರಿಯಾ ಝಕರಿಯಾ ಮತ್ತು ಒಫೀರಾ ಗಾಮ್ಲಿಯೆಲ್ ಅವರ ಪಠ್ಯಕಾರ್ಯ ಇಲ್ಲದಿದ್ದರೆ ಈ ಸಾಹಿತ್ಯ ಕೈಜಾರುತ್ತಿತ್ತು. 2004ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಯೆಹೂದಿ ಸಂಗೀತ ಸಂಶೋಧನ ಕೇಂದ್ರದಿಂದ ‘ಓ, ಲವ್ಲಿ ಪ್ಯಾರಟ್!’ ಎಂಬ ಧ್ವನಿಮುದ್ರಿಕೆಯೂ, 2005ರಲ್ಲಿ ಮಲಯಾಳ ಪಾಠದೊಂದಿಗೆ ಹೀಬ್ರೂ ಅನುವಾದವಿರುವ ‘ಕಾರ್ಕುಳಲಿ’ ಸಂಕಲನವೂ ಹೊರಬಂದವು. ಧರ್ಮಶಾಸ್ತ್ರದ ವಿದ್ವಾಂಸರು ಪರಿಗಣಿಸದೆ ಬಿಟ್ಟದ್ದನ್ನು ಒಂದು ಪ್ರಾದೇಶಿಕ ಭಾಷೆಯ ಪ್ರಾಧ್ಯಾಪಕರು ತಮ್ಮ ಸಾಹಿತ್ಯವೆಂದು ಗುರುತಿಸಿದ್ದು ಇಲ್ಲಿನ ಪಾಠ.

ಕರ್ನಾಟಕದ ಕರಾವಳಿಗೂ ಇಂಥದೊಂದು ಕಥೆಯಿದೆ, ಆದರೆ ಅದು ಅರ್ಧ ಕಥೆ. ಟ್ಯುನೀಷಿಯಾ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದು, 1149ರಲ್ಲಿ ಏಡನ್ನಿಗೆ ಮರಳಿದನು. ಕೈರೋದ ಸಿನಗಾಗೊಂದರ ಗೆನಿಜಾ ಸಂಗ್ರಹದಲ್ಲಿ ಉಳಿದ ಅವನ ಪತ್ರಗಳನ್ನು ಎಸ್.ಡಿ. ಗೊಯಿಟೈನ್ ಅಧ್ಯಯನ ಮಾಡಿದರು. ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ (1992) ಅವನ ಸೇವಕ ಬೊಮ್ಮನನ್ನು ಓದುಗರ ಮುಂದಿಟ್ಟಿತು. 1132ರಲ್ಲಿ ಮಂಗಳೂರಿನಲ್ಲಿ ಬರೆಯಲಾದ ದಾಸ್ಯಮುಕ್ತಿ ಪತ್ರವೊಂದರಲ್ಲಿ ಆಶು ಎಂಬ ಸ್ಥಳೀಯ ಹೆಣ್ಣಿನ ಹೆಸರಿದೆ. ಬೆನ್ ಯಿಜುವಿನ ಮಕ್ಕಳ ತಾಯಿ ಅವಳೇ ಇರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಮೆಣಸು, ಅಡಕೆ, ಕಂಚಿನ ಪಾತ್ರೆಗಳ ಲೆಕ್ಕ ಆ ಪತ್ರಗಳಲ್ಲಿ ದೊರೆಯುತ್ತದೆ. ಆಶು ತನ್ನ ಮಕ್ಕಳನ್ನು ಯಾವ ಭಾಷೆಯಲ್ಲಿ ತೂಗಿದಳು ಎಂಬುದು ದೊರೆಯುವುದಿಲ್ಲ. ಕೊಚ್ಚಿಯ ಪುಸ್ತಕಗಳ ಬೆಲೆ ಈ ಮೌನದ ಎದುರಿನಲ್ಲಿ ಸ್ಪಷ್ಟವಾಗುತ್ತದೆ.

ಕನ್ನಡ ವಿಭಾಗಗಳು ಇದರಿಂದ ಪಡೆಯಬೇಕಾದದ್ದು ಅನುಕಂಪವಲ್ಲ, ವಿಧಾನ. ಬ್ಯಾರಿ, ನವಾಯತ, ಸಿದ್ದಿ ಸಮುದಾಯಗಳ ಅಧ್ಯಯನಗಳಲ್ಲಿಯೂ ಅರೇಬಿಯಾ, ಆಫ್ರಿಕಾಗಳ ಮೂಲಚರ್ಚೆಗೆ ಮೊದಲ ಅಧ್ಯಾಯ ಮೀಸಲಾಗಿ, ಹೆಂಗಸರ ಹಾಡು ಅನುಬಂಧಕ್ಕೆ ಸರಿಯುವ ರೂಢಿಯನ್ನು ಮರುಪರಿಶೀಲಿಸಬೇಕಾಗಿದೆ. ಹಸ್ತಪ್ರತಿ ಎಂದೊಡನೆ ತಾಳೆಗರಿಯನ್ನೇ ನೆನೆಯುವ ಅಭ್ಯಾಸವೂ ಬದಲಾಗಬೇಕು. ಮದುವೆಮನೆಗಾಗಿ ಬರೆದಿಟ್ಟ ಗೆರೆಹಾಳೆಯ ನೋಟುಪುಸ್ತಕವೂ ಹಸ್ತಪ್ರತಿಯೇ. ಅದನ್ನು ಯಾರು, ಯಾರಿಂದ, ಯಾವ ಸಂದರ್ಭಕ್ಕಾಗಿ ನಕಲು ಮಾಡಿದರೆಂಬ ವಿವರದೊಡನೆ ಪಟ್ಟಿಮಾಡಬೇಕು. ಪಾಠಾಂತರಗಳನ್ನು ತಪ್ಪುಗಳೆಂದು ತಿದ್ದದೆ ಉಳಿಸಬೇಕು. ಹಾಡಬಲ್ಲವರು ಇರುವಾಗಲೇ ಧ್ವನಿಮುದ್ರಿಸಬೇಕು. ಪರದೇಸಿ ಸಮುದಾಯದ ಹಿರಿಯರಾದ ಕ್ವೀನಿ ಹಲ್ಲೆಗುವಾ 2024ರಲ್ಲಿ ತೀರಿಕೊಂಡ ಮೇಲೆ ಮಟ್ಟಾಂಚೇರಿಯ ಆ ಬೀದಿಯಲ್ಲಿ ಯೆಹೂದಿ ಮನೆತನಗಳ ಬದುಕು ಬಹುತೇಕ ಮುಗಿದಂತಾಯಿತು. ಸಿನಗಾಗನ್ನು ನೋಡಲು ಪ್ರವಾಸಿಗರು ಇಂದಿಗೂ ಬರುತ್ತಾರೆ. ಅದರ ಅಂಗಳದಲ್ಲಿ ಒಮ್ಮೆ ಮಲಯಾಳದಲ್ಲಿ ಏನು ಹಾಡುತ್ತಿದ್ದರೆಂಬುದು ತಿಳಿಯುವುದು ಮಾತ್ರ ಆ ಕೈಬರಹದ ಪುಸ್ತಕಗಳಿಂದಲೇ.