ದಾರದ ಎಳೆ, ವಿಮಾನದ ಹಾದಿ

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಎರಡು ಗಡಿಯಾರಗಳು ನಡೆಯುತ್ತವೆ. ಒಂದು ಗೋಡೆಯ ಮೇಲೆ. ಇನ್ನೊಂದು ತಾಯಿಯ ಮನಸ್ಸಿನಲ್ಲಿ. ಮಗನೋ ಮಗಳೋ ಸ್ಯಾನ್‌ಫ್ರಾನ್ಸಿಸ್ಕೊ ಸೀಮೆಯಲ್ಲಿ ನೆಲೆಸಿದ್ದರೆ, ಇಲ್ಲಿ ಬೆಳಗಿನ ಕಾಫಿ ಕಾಯಿಸುವಾಗಲೇ “ಅಲ್ಲಿ ಈಗ ಸಂಜೆ” ಎಂದು ಆಕೆ ಲೆಕ್ಕ ಹಾಕಿರುತ್ತಾಳೆ. ಆದರೆ ಆ ಊರು ಎಷ್ಟು ದೂರ, ದಾರಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ.

ಗೋಡೆಯ ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ನೋಡಿದ ಮೊಮ್ಮಗನಿಗೆ ಹಾದಿಯು ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ಸಾಗರಗಳ ಮೇಲೆ ಪಶ್ಚಿಮಕ್ಕೆ ಸಾಗುವಂತೆ ಕಾಣುತ್ತದೆ. ಅದೇ ಹುಡುಗ ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಹಿಡಿಯಲಿ. ದಾರ ತಾನಾಗಿಯೇ ಉತ್ತರಕ್ಕೆ ಜಾರುತ್ತದೆ. ಹಿಮಾಲಯ, ಚೀನ, ಸೈಬೀರಿಯಗಳನ್ನು ದಾಟಿ ಅಲಾಸ್ಕದ ಮಗ್ಗುಲಿನಿಂದ ಇಳಿಯುತ್ತದೆ. ಅದರ ಉದ್ದ ಸುಮಾರು 14,000 ಕಿಲೋಮೀಟರು. ಉರುಟಾದ ನೆಲದ ಮೇಲೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ.

ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರು. ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ದಾರದ ಲೆಕ್ಕ ಬೇರೆ, ಆಕಾಶದ ಲೆಕ್ಕ ಬೇರೆ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಚಾಲಕರು ಒಡನೆಯೇ 10,000 ಅಡಿಯಷ್ಟು ಕೆಳಕ್ಕೆ ಇಳಿಯಬೇಕು. ಟಿಬೆಟ್ಟಿನ ಪ್ರಸ್ಥಭೂಮಿಯೇ ಅದಕ್ಕಿಂತ ಎತ್ತರ. ಮೇಲಿನ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯೂ ಇದೆ. ಅದು ಹಿಂದಿನಿಂದ ನೂಕಿದರೆ ಬಂಧು, ಎದುರಾದರೆ ಶತ್ರು. ಆದುದರಿಂದ ಹತ್ತಿರದ ಹಾದಿಯೇ ಬೇಗನೆ ಮುಟ್ಟಿಸುವ ಹಾದಿಯೆಂದು ಹೇಳಲಾಗದು.

2021ರ ಜನವರಿ 9ರ ರಾತ್ರಿ ಏರ್ ಇಂಡಿಯ ವಿಮಾನವೊಂದು ಸ್ಯಾನ್‌ಫ್ರಾನ್ಸಿಸ್ಕೊ ಬಿಟ್ಟು, ಎಲ್ಲಿಯೂ ನಿಲ್ಲದೆ ಬೆಂಗಳೂರಿಗೆ ಹೊರಟಿತು. ಚಾಲಕರ ಕೋಣೆಯಲ್ಲಿದ್ದವರೆಲ್ಲ ಮಹಿಳೆಯರು. ಮುಖ್ಯಸ್ಥೆ ಕ್ಯಾಪ್ಟನ್ ಜೋಯಾ ಅಗರ್ವಾಲ್. ಅವರು ದಾರದ ಎಳೆಯನ್ನು ಬಿಟ್ಟು ಉತ್ತರ ಧ್ರುವದ ಮೇಲಿನ ಹಾದಿ ಹಿಡಿದರು. ಕೆಳಗೆ ಹಿಮಗಟ್ಟಿದ ಸಾಗರ. ತುರ್ತಿನಲ್ಲಿ ಇಳಿಯಬಹುದಾದ ನಿಲ್ದಾಣಗಳೋ ವಿರಳ. ಸುಮಾರು 17 ಗಂಟೆಗಳ ಬಳಿಕ, ಜನವರಿ 11ರ ನಸುಕಿಗೆ ಮುನ್ನ, ಚಕ್ರಗಳು ಬೆಂಗಳೂರಿನ ನೆಲ ಮುಟ್ಟಿದವು.

ಒಂಬತ್ತರ ರಾತ್ರಿ ಹೊರಟವರು ಹನ್ನೊಂದರ ನಸುಕಿನಲ್ಲಿ ಇಳಿದರು. ಹತ್ತನೆಯ ತಾರೀಖು ಎಲ್ಲಿ ಹೋಯಿತು? ಚಳಿಗಾಲದಲ್ಲಿ ಅಲ್ಲಿಗಿಂತ ಇಲ್ಲಿಯ ಗಡಿಯಾರ ಹದಿಮೂರೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ವಿಮಾನ ಏರಿದಾಗ ಇಲ್ಲಿ ಹತ್ತರ ಬೆಳಗಾಗಿತ್ತು. ಪ್ರಯಾಣಿಕರಿಗೆ ಆ ದಿನ ಕೈಗೆ ಸಿಗದೆ ಜಾರಿಹೋಯಿತು.

ಮನೆಯಲ್ಲಿ ಕಾದವರಿಗೆ ಮಾತ್ರ ಅದು ಜಾರಲಿಲ್ಲ. ಅಡಿಗೆ, ಊಟ, ದೀಪ ಹಚ್ಚುವ ಹೊತ್ತು, ನಿದ್ದೆ ಬಾರದ ಇರುಳು: ಹತ್ತನೆಯ ತಾರೀಖನ್ನು ಅವರು ಗಂಟೆ ಗಂಟೆಯಾಗಿ ಕಳೆದರು. ದಾರ ಕಿಲೋಮೀಟರನ್ನು ಅಳೆಯಬಲ್ಲದು, ವಿಮಾನ ಗಂಟೆಗಳನ್ನು ಕಡಿಮೆ ಮಾಡಬಲ್ಲದು. ದೂರದ ನಿಜವಾದ ಉದ್ದ ತಿಳಿದಿರುವುದು ಬಾಗಿಲಲ್ಲಿ ಕಾದು ನಿಂತವರಿಗೆ.