ಪಾದ್ರಿಯ ಸಂಬಳ ಮತ್ತು ನಮ್ಮ ಅನುದಾನ

ಈ ಸಂಚಿಕೆ ತಮ್ಮ ಕೈಸೇರುವ ಹೊತ್ತಿಗೆ ಸಂಘದ ವಾರ್ಷಿಕ ಮಹಾಸಭೆಯ ಸೂಚನಾಪತ್ರವೂ ತಲುಪಿರುತ್ತದೆ. ಅದರ ನಾಲ್ಕನೆಯ ವಿಷಯವನ್ನು ಓದದೆ ಮಡಿಸಿಡಬಾರದೆಂದು ಸದಸ್ಯ ಬಂಧುಗಳಲ್ಲಿ ವಿನಂತಿ. ಈ ತ್ರೈಮಾಸಿಕದ ಮುದ್ರಣವೆಚ್ಚಕ್ಕೂ ಮಕ್ಕಳ ಭಾನುವಾರದ ಕನ್ನಡ ತರಗತಿಗೂ ತಾಯ್ನಾಡಿನ ಸರಕಾರದಿಂದ ವರ್ಷಂಪ್ರತಿ ಅನುದಾನ ಕೋರಬೇಕೆಂಬ ಠರಾವು ಅದು. ಕಾರ್ಯಕಾರಿ ಸಮಿತಿಯಲ್ಲಿ ಅದಕ್ಕೆ ಬಹುಮತವಿದೆ. ನನ್ನದು ಭಿನ್ನಮತ, ಆದರೆ ಪೂರ್ತಿ ಭಿನ್ನವೂ ಅಲ್ಲ. ಕೇಂದ್ರ ಸರಕಾರದ ಸಂಬಳವನ್ನು ಮೂರು ದಶಕ ಉಂಡವನು ಸರಕಾರದ ಹಣವೇ ಮೈಲಿಗೆಯೆಂದು ಸಾರಿದರೆ ಯಾರು ತಾನೆ ನಗದಿದ್ದಾರು? ಆದ್ದರಿಂದ ನನ್ನ ಮಾತನ್ನು ಕೊಂಚ ದೂರದಿಂದ ಆರಂಭಿಸಬೇಕಾಗಿದೆ.

ನಾಸಿಕದಿಂದ ಮುಂಬಯಿಯ ದಾರಿಯಲ್ಲಿ, ಊರಿನಿಂದ ಎಂಟು ಕಿಲೋಮೀಟರಿನಷ್ಟು ದೂರದ ಗುಡ್ಡದಲ್ಲಿ ಪಾಂಡವಲೇಣಿ ಎಂಬ 24 ಗುಹೆಗಳ ಸಮೂಹವಿದೆ. ಕರ್ನಾಟಕದಿಂದ ಬರುವ ಅತಿಥಿಗಳನ್ನು ನಾವು ಪಂಚವಟಿಗೆ ಕರೆದೊಯ್ಯುತ್ತೇವೆ, ತ್ರ್ಯಂಬಕಕ್ಕೆ ಕರೆದೊಯ್ಯುತ್ತೇವೆ. ಗೋದಾವರಿಯ ಮೆಟ್ಟಿಲ ಮೇಲೆ ನಿಂತು ಕನ್ನಡನಾಡಿನ ಗಡಿಯನ್ನು ಇಲ್ಲಿಗೆ ತಂದಿಟ್ಟ ಕವಿರಾಜಮಾರ್ಗವನ್ನು ಸ್ಮರಿಸುತ್ತೇವೆ. (ನಮ್ಮ ಸಮಾರಂಭಗಳಲ್ಲಿ ಆ ಸ್ಮರಣೆಗೆ ಬೀಳುವಷ್ಟು ಚಪ್ಪಾಳೆ ಖಜಾಂಚಿಯವರ ವರದಿಗೆ ಬಿದ್ದಿದ್ದರೆ ಈ ನಾಲ್ಕನೆಯ ವಿಷಯವೇ ಏಳುತ್ತಿರಲಿಲ್ಲ.) ಪಾಂಡವಲೇಣಿಗೆ ಮಾತ್ರ ಯಾರನ್ನೂ ಕರೆದೊಯ್ಯುವುದಿಲ್ಲ. ಸರಕಾರ ಕೊಡುವ ಹಣ, ಧರ್ಮದವರು ಪಡೆಯುವ ಹಣ, ಇವುಗಳ ಲೆಕ್ಕವನ್ನು ಕಲ್ಲಿನಲ್ಲಿ ಕೊರೆದಿಟ್ಟ ಸ್ಥಳ ಅದು. ಆ ಲೆಕ್ಕವನ್ನು ಆಧುನಿಕ ಕಾಲದಲ್ಲಿ ಓದಲು ಮೊದಲಾದವರಲ್ಲಿ ಒಬ್ಬರು, ಸ್ವತಃ ಸರಕಾರದ ಸಂಬಳದ ಪಾದ್ರಿ.

1813ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನದನ್ನು ಬ್ರಿಟಿಷ್ ಪಾರ್ಲಿಮೆಂಟು ನವೀಕರಿಸಿತು. ವಿದ್ಯಾಭಿವೃದ್ಧಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ತೆಗೆದಿಡಬೇಕೆಂಬ ಕಲಮು ಅದರಲ್ಲಿ ಇದ್ದುದನ್ನು ಶಾಲಾಪುಸ್ತಕಗಳು ಹೇಳುತ್ತವೆ. ಕಲಕತ್ತೆಗೆ ಒಬ್ಬ ಬಿಷಪ್ಪನನ್ನೂ ಮೂವರು ಆರ್ಚ್‌ಡೀಕನ್ನರನ್ನೂ ಅದೇ ಸನದು ನೇಮಿಸಿತೆಂಬುದು ಅಷ್ಟಾಗಿ ತಿಳಿದಿಲ್ಲ. ಬಿಷಪ್ಪನಿಗೆ ವರ್ಷಕ್ಕೆ 5,000 ಪೌಂಡು, ಆರ್ಚ್‌ಡೀಕನ್ನರಿಗೆ ತಲಾ 2,000 ಪೌಂಡು. ಎಲ್ಲವೂ ಹಿಂದೂಸ್ಥಾನದ ಕಂದಾಯದಿಂದ. ಇವರೆಲ್ಲ ಇಂಗ್ಲೆಂಡಿನ ಚರ್ಚಿನವರು. ಆದರೆ ಕಂಪನಿಯ ಸೇನೆಯಲ್ಲಿ, ದಫ್ತರಗಳಲ್ಲಿ, ವ್ಯಾಪಾರದಲ್ಲಿ ತುಂಬಿಕೊಂಡಿದ್ದವರಲ್ಲಿ ಸ್ಕಾಟ್ಲೆಂಡಿನವರು ಕಡಿಮೆಯಿರಲಿಲ್ಲ. ಅವರದು ಪ್ರೆಸ್ಬಿಟೀರಿಯನ್ ಪಂಥ. ಬಿಷಪ್ಪನೆಂಬ ಪದವಿಯನ್ನೇ ಅದು ಒಪ್ಪದು. ತಮ್ಮ ನಾಡಿನಲ್ಲಿ ತಮ್ಮ ಚರ್ಚೂ ರಾಜಮಾನ್ಯವೇ ಆಗಿರುವಾಗ ಇಲ್ಲಿ ಇಂಗ್ಲೆಂಡಿನವರಿಗೆ ಮಾತ್ರ ಬೊಕ್ಕಸವೇಕೆಂದು ಅವರು ಕೇಳಿದರು. ಕಂಪನಿ ಮಣಿಯಿತು. ಮೂರು ಪ್ರೆಸಿಡೆನ್ಸಿಗಳಿಗೂ ಒಬ್ಬೊಬ್ಬ ಸ್ಕಾಟಿಷ್ ಪಾದ್ರಿ ಸಂಬಳದ ಮೇಲೆ ಬಂದ: ಕಲಕತ್ತೆಗೆ 1814ರಲ್ಲಿ ಜೇಮ್ಸ್ ಬ್ರೈಸ್, ಮುಂಬಯಿಗೆ 1815ರಲ್ಲಿ ಜೇಮ್ಸ್ ಕ್ಲೋ. ಮುಂಬಯಿಯ ಕೋಟೆಪ್ರದೇಶದ ಸೇಂಟ್ ಆಂಡ್ರೂಸ್ ಚರ್ಚು ಆ ಕಾಲದ್ದು. ಇವರು ಮಾಡಿಸಿದ ವಿವಾಹಗಳು ಕಾನೂನಿಗೆ ಸಲ್ಲುತ್ತವೆಯೇ ಎಂಬ ಸಂಶಯ ಬೇರೆ ಎದ್ದು, ಅದನ್ನು ನಿವಾರಿಸಲು 1818ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆಯನ್ನೇ ಮಾಡಬೇಕಾಯಿತು. 1833ರ ಸನದಿನಲ್ಲಿ, ಪ್ರತಿ ಪ್ರೆಸಿಡೆನ್ಸಿಯ ಚಾಪ್ಲೇನರಲ್ಲಿ ಇಬ್ಬರು ಎಂದೆಂದಿಗೂ ಸ್ಕಾಟ್ಲೆಂಡಿನ ಚರ್ಚಿನವರೇ ಆಗಿರತಕ್ಕದ್ದೆಂದು ಬರೆದುಕೊಂಡರು. ಎಂದೆಂದಿಗೂ! ಅನುದಾನವನ್ನು ಒಮ್ಮೆ ರುಚಿ ಕಂಡವರೆಲ್ಲರ ಆಸೆ ಇದೇ.

ಇದನ್ನೆಲ್ಲ ತೆತ್ತವರು ಯಾರು? 1818ರಲ್ಲಿ ಪೇಶ್ವೆಯ ರಾಜ್ಯ ಮುಗಿದು ನಾಸಿಕ ಕಂಪನಿಯ ಕೈಸೇರಿತು. ಗೋದಾವರಿಯ ದಡದ ಕುಣಬಿ ಒಕ್ಕಲಿಗನ ಜಮೀನಿನ ಕಂದಾಯವೂ ಆ ಬೊಕ್ಕಸಕ್ಕೆ ಹೋಯಿತು. ಆ ಬೊಕ್ಕಸ ಮುಂಬಯಿಯ ಪಾದ್ರಿಯನ್ನೂ ಸಾಕಿತು. ಪೇಶ್ವೆಯರು ಹಂಚುತ್ತಿದ್ದ ದಕ್ಷಿಣೆಯ ಪೈಕಿ ವರ್ಷಕ್ಕೆ 50,000 ರೂಪಾಯಿಯನ್ನು ಎಲ್ಫಿನ್‌ಸ್ಟನ್ ಮುಂದುವರಿಸಿದ್ದರಿಂದ ಪುಣೆಯ ಶಾಸ್ತ್ರಿಗಳನ್ನೂ ಸಾಕಿತು. ದೇವಸ್ಥಾನಗಳಿಗೆ ಸರಕಾರ ಹಣ ಕೊಡುವುದು ಪಾಪವೆಂದು ಮಿಶನರಿಗಳು ಕೂಗಿದ ಕಾಲದಲ್ಲೇ ಅವರ ಪಂಥದ ಚಾಪ್ಲೇನರು ಅದೇ ಬೊಕ್ಕಸದಿಂದ ತಿಂಗಳು ತಿಂಗಳು ಎಣಿಸಿಕೊಳ್ಳುತ್ತಿದ್ದರು. ಒಕ್ಕಲಿಗನನ್ನು ಮಾತ್ರ ಯಾರೂ ಕೇಳಲಿಲ್ಲ. ಯಾವುದೇ ನಿರ್ದಿಷ್ಟ ಧರ್ಮದ ಪೋಷಣೆಗಾಗಿ ಯಾರಿಂದಲೂ ತೆರಿಗೆ ವಸೂಲು ಮಾಡಕೂಡದೆಂಬ ನಮ್ಮ ಸಂವಿಧಾನದ 27ನೆಯ ವಿಧಿಯ ಹಿಂದೆ ಇಂಥ ಲೆಕ್ಕಗಳ ನೆನಪಿದೆ.

ಸಂಬಳದಿಂದ ನಾಲಗೆಗೆ ಏನಾಗುತ್ತದೆಂಬುದಕ್ಕೆ ಕಲಕತ್ತೆಯ ಪ್ರಕರಣವೊಂದು ಪ್ರಸಿದ್ಧ. ಬ್ರೈಸ್ ಜಗಳಗಂಟ, ಪತ್ರಿಕಾವ್ಯವಸಾಯದಲ್ಲೂ ಕೈಯಿಟ್ಟಿದ್ದವನು, ಸರಕಾರದ ಪರ ಬರೆಯುವವರ ಗುಂಪಿಗೆ ಸೇರಿದವನು. ಅವನನ್ನು ಸರಕಾರ ಲೇಖನಸಾಮಗ್ರಿ ಸಮಿತಿಯ ಕಾರಕೂನ ಹುದ್ದೆಗೂ ನೇಮಿಸಿತು. ದೇವರ ಸೇವಕನಿಗೆ ಕಾಗದ, ಮಸಿ, ಲೇಖನಿಗಳ ಲೆಕ್ಕ ಬರೆಯುವ ಹೆಚ್ಚುವರಿ ಸಂಬಳ! 'ಕಲ್ಕತ್ತಾ ಜರ್ನಲ್'ನ ಸಂಪಾದಕ ಜೇಮ್ಸ್ ಸಿಲ್ಕ್ ಬಕಿಂಗ್‌ಹ್ಯಾಮ್ ಇದನ್ನು ಅಪಹಾಸ್ಯ ಮಾಡಿ ಬರೆದ. ಹಂಗಾಮಿ ಗವರ್ನರ್ ಜನರಲ್ ಜಾನ್ ಆಡಮ್ 1823ರ ಫೆಬ್ರವರಿಯಲ್ಲಿ ಅವನ ವಾಸದ ಪರವಾನಗಿಯನ್ನು ರದ್ದುಪಡಿಸಿ ದೇಶದಿಂದಲೇ ಹೊರಹಾಕಿದ. ಬೆನ್ನಲ್ಲೇ ಪತ್ರಿಕೆಗಳಿಗೆ ಲೈಸೆನ್ಸು ಕಡ್ಡಾಯವಾಯಿತು. ರಾಜಾ ರಾಮಮೋಹನ ರಾಯರು ಪ್ರತಿಭಟಿಸಿ ಮನವಿ ಸಲ್ಲಿಸಿದರು. ಅದು ಬಿದ್ದುಹೋದಾಗ ತಮ್ಮ ಪಾರಸಿ ಪತ್ರಿಕೆ 'ಮಿರಾತ್-ಉಲ್-ಅಖಬಾರ್' ಅನ್ನು ನಿಲ್ಲಿಸಿಬಿಟ್ಟರು. ಭಾರತದ ಪತ್ರಿಕಾಸ್ವಾತಂತ್ರ್ಯದ ಮೊದಲ ದೊಡ್ಡ ಹೋರಾಟದ ಬುಡದಲ್ಲಿ ಒಬ್ಬ ಪಾದ್ರಿಯ ಸರಕಾರಿ ಭತ್ಯೆಯಿದೆ.

ನಮ್ಮ ಪತ್ರಿಕೆಯನ್ನು ಯಾವ ಸರಕಾರವೂ ಗಡೀಪಾರು ಮಾಡುವುದಿಲ್ಲ, ಅಷ್ಟು ದೊಡ್ಡವರು ನಾವಲ್ಲ. ಆದರೆ ಒಂದು ಸಂಗತಿಯನ್ನು ಹೇಳಲೇಬೇಕು. ಹಲವು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ ನೌಕರಿಯಲ್ಲಿದ್ದಾಗ, ಅಲ್ಲಿನ ಸಂಘದ ಪತ್ರಿಕೆಯ ಸಂಪಾದಕಮಂಡಲಿಯಲ್ಲಿ ನಾನಿದ್ದೆ. ಅನುದಾನ ಮಂಜೂರಾದ ವರ್ಷವೇ ಗಡಿಭಾಗದ ಕನ್ನಡ ಶಾಲೆಗಳಲ್ಲಿ ಶಿಕ್ಷಕರ ಹುದ್ದೆಗಳು ಖಾಲಿ ಬಿದ್ದಿರುವುದನ್ನು ಕುರಿತು, ಬೆಂಗಳೂರಿನ ನಿರ್ಲಕ್ಷ್ಯವನ್ನು ಹೆಸರೆತ್ತಿ ಹೇಳಿದ ಲೇಖನವೊಂದು ಬಂತು. ಒಳ್ಳೆಯ ಲೇಖನ. ಅದನ್ನು ತಡೆಯಿರೆಂದು ಯಾರೂ ಪತ್ರ ಬರೆಯಲಿಲ್ಲ, ಫೋನು ಮಾಡಲಿಲ್ಲ. ಎರಡನೆಯ ಕಂತು ಇನ್ನೂ ಬರಬೇಕಾಗಿತ್ತು, ಅಷ್ಟೇ. 'ಮುಂದಿನ ಸಂಚಿಕೆಗೆ ನೋಡೋಣ' ಎಂದೆವು. ಮುಂದಿನ ಸಂಚಿಕೆಗೂ ನೋಡಲಿಲ್ಲ. ಹಾಗೆಂದವರಲ್ಲಿ ನಾನೂ ಒಬ್ಬ. ಲೇಖಕರು ಮತ್ತೆ ಆ ಪತ್ರಿಕೆಗೆ ಬರೆಯಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಜಾನ್ ಸ್ಟೀವನ್ಸನ್ ಎಂಬವರು 1820ರ ದಶಕದಲ್ಲಿ ಮಿಶನರಿಯಾಗಿ ಕೊಂಕಣಕ್ಕೆ ಬಂದು, 1830ರ ದಶಕದಲ್ಲಿ ಕಂಪನಿಯ ಚಾಪ್ಲೇನರಾದರು. ಮರಾಠಿ ವ್ಯಾಕರಣ ಬರೆದರು. ಸಾಮವೇದವನ್ನು ಇಂಗ್ಲಿಷಿಗೆ ಅನುವಾದಿಸಿ 1842ರಲ್ಲಿ ಪ್ರಕಟಿಸಿದರು. ಕನ್ನಡಿಗರು ಅವರನ್ನು ನೆನೆಯಬೇಕಾದುದು ಇನ್ನೊಂದು ಕಾರಣಕ್ಕೆ. ಮರಾಠಿ, ಗುಜರಾತಿಗಳಲ್ಲಿ ಸಂಸ್ಕೃತಮೂಲವಿಲ್ಲದ ಶಬ್ದಗಳನ್ನು ಆರಿಸಿ, ಕನ್ನಡ, ತೆಲುಗು, ತಮಿಳುಗಳ ಶಬ್ದಗಳೊಡನೆ ಇಟ್ಟು ನೋಡಿ, ಇವುಗಳ ಅಡಿಯಲ್ಲಿ ಒಂದು ಪುರಾತನ ಭಾಷೆಯ ಪದರವಿದೆಯೆಂದು ಅವರು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ವಾದಿಸಿದರು. ಕಾಲ್ಡ್‌ವೆಲ್ಲರ ದ್ರಾವಿಡ ವ್ಯಾಕರಣ 1856ರಲ್ಲಿ ಬರುವ ಮುನ್ನಿನ ಮಾತಿದು. ಅವರ ಎಲ್ಲ ನಿರ್ಣಯಗಳೂ ಇಂದು ನಿಲ್ಲುವುದಿಲ್ಲ. ಪ್ರಶ್ನೆ ಮಾತ್ರ ನಿಂತಿದೆ. ತಿಂಗಳ ಸಂಬಳ ಇರದಿದ್ದರೆ ಈ ವಿದ್ವತ್ತಿಗೆ ಬಿಡುವು ಸಿಗುತ್ತಿತ್ತೇ? ಸಂದೇಹ.

ಅವರ ಸಮಕಾಲೀನ ಜಾನ್ ವಿಲ್ಸನ್ನರು ಕಂಪನಿಯ ಸಂಬಳದವರಲ್ಲ, ಚರ್ಚಿನ ಚಂದಾಹಣದವರು. 1829ರಲ್ಲಿ ಮುಂಬಯಿಗೆ ಬಂದು, 1830ರ ದಶಕದ ಮೊದಲಲ್ಲಿ ನಾಸಿಕಕ್ಕೂ ಜಾಲನಾಕ್ಕೂ ಎಲ್ಲೋರಕ್ಕೂ ಪ್ರವಾಸ ಮಾಡಿದರು. 2023ರಿಂದ ಛತ್ರಪತಿ ಸಂಭಾಜಿನಗರವೆಂದು ಕರೆಯುತ್ತಿರುವ ಔರಂಗಾಬಾದು ಆಗ ನಿಜಾಮನದು. 1848ರಲ್ಲಿ ಸರಕಾರ ಗುಹಾದೇವಾಲಯಗಳ ಆಯೋಗವನ್ನು ನೇಮಿಸಿದಾಗ ವಿಲ್ಸನ್ನರು ಅದರ ಅಧ್ಯಕ್ಷರಾದರು, ಸ್ಟೀವನ್ಸನ್ನರೂ ಅದರಲ್ಲಿದ್ದರು. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕೈಲಾಸ ದೇವಾಲಯ, ಅಜಂತೆಯ ಚಿತ್ರಗಳು, ಪಾಂಡವಲೇಣಿಯ ಶಾಸನಗಳು, ಎಲ್ಲವನ್ನೂ ಕ್ರಮವಾಗಿ ದಾಖಲಿಸುವ ಕೆಲಸಕ್ಕೆ ವಿಗ್ರಹಾರಾಧನೆಯನ್ನು ಖಂಡಿಸಲೆಂದೇ ಬಂದವರು ಮುಂದಾಳುಗಳಾದರು. ಇತಿಹಾಸಕ್ಕೆ ಇಂಥ ತಮಾಷೆಗಳು ಪ್ರಿಯ.

ಈ ಇಬ್ಬರ ದಾರಿ 1843ರಲ್ಲಿ ಕವಲೊಡೆಯಿತು. ಪಾದ್ರಿಗಳ ನೇಮಕದಲ್ಲಿ ಜಮೀನ್ದಾರರ ಹಾಗೂ ನ್ಯಾಯಾಲಯಗಳ ಕೈವಾಡವನ್ನು ಸಹಿಸೆವೆಂದು ಸ್ಕಾಟ್ಲೆಂಡಿನ 450ಕ್ಕೂ ಹೆಚ್ಚು ಪಾದ್ರಿಗಳು ರಾಜಮಾನ್ಯ ಚರ್ಚಿನಿಂದ ಎದ್ದು ನಡೆದರು. ಮನೆ, ಸಂಬಳ, ಚರ್ಚಿನ ಕಟ್ಟಡ ಎಲ್ಲ ಹೋಯಿತು. ಭಾರತದಲ್ಲಿದ್ದ ಅವರ ಮಿಶನರಿಗಳೆಲ್ಲ ಅವರನ್ನು ಸೇರಿದರು. ಕಲಕತ್ತೆಯ ಡಫ್, ಮುಂಬಯಿಯ ವಿಲ್ಸನ್ ತಾವು ಬೆಳೆಸಿದ ವಿದ್ಯಾಸಂಸ್ಥೆಗಳ ಕಟ್ಟಡಗಳನ್ನು ಬಿಟ್ಟುಕೊಟ್ಟು ಹೊಸದಾಗಿ ಶುರುಮಾಡಿದರು. ಕಂಪನಿಯ ಸಂಬಳದ ಸ್ಟೀವನ್ಸನ್ನರು ತಮ್ಮ ಹುದ್ದೆಯಲ್ಲೇ ಉಳಿದರು. ಇವರನ್ನು ಹೇಡಿಯೆಂದೂ ಅವರನ್ನು ವೀರರೆಂದೂ ಕರೆಯಲಾರೆ. ಎದ್ದು ಹೋಗುವ ಬಾಗಿಲು ಯಾರಿಗೆ ತೆರೆದಿತ್ತು ಎಂಬುದನ್ನಷ್ಟೇ ಗಮನಿಸುತ್ತೇನೆ.

ಇನ್ನು ಕಲ್ಲಿನ ಲೆಕ್ಕಕ್ಕೆ ಬರೋಣ. ಪಾಂಡವಲೇಣಿಯ ಹತ್ತನೆಯ ಗುಹೆಯನ್ನು ಮಾಡಿಸಿದವನು ಕ್ಷತ್ರಪ ನಹಪಾನನ ಅಳಿಯ ಉಷವದಾತ. ಭಿಕ್ಷುಗಳಿಗೆ ಅವನು ವರ್ಷಾಸನವನ್ನು ಮಂಜೂರು ಮಾಡಲಿಲ್ಲ. 3,000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ ಠೇವಣಿಯಿಟ್ಟ: ಒಂದರಲ್ಲಿ 2,000, ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿ, ಇನ್ನೊಂದರಲ್ಲಿ 1,000, ನೂರಕ್ಕೆ ಮುಕ್ಕಾಲರ ಬಡ್ಡಿ. ಅಸಲನ್ನು ಯಾರೂ ಹಿಂದಕ್ಕೆ ಪಡೆಯುವಂತಿಲ್ಲ, ಬಡ್ಡಿಯನ್ನಷ್ಟೇ ಉಣ್ಣಬೇಕು. ಮೊದಲನೆಯದರಿಂದ ವರ್ಷಕ್ಕೆ 240. ವರ್ಷಾಕಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12ರಂತೆ ಚೀವರದ ಹಣ. ಲೆಕ್ಕ ಸರಿಯಾಗಿ ಕೂಡುತ್ತದೆ, ನಾನೂ ಕೂಡಿ ನೋಡಿದೆ. ಈ ವ್ಯವಸ್ಥೆಗೆ ಶಾಸನ ಕೊಡುವ ಹೆಸರು ಅಕ್ಷಯನೀವಿ. ನಿಗಮಸಭೆಯಲ್ಲಿ ಓದಿ ಹೇಳಿ, ಹಲಗೆಯಲ್ಲಿ ಬರೆಸಿದ್ದಾಗಿಯೂ ಅದರಲ್ಲಿದೆ. ಮರುವರ್ಷ ಕ್ಷತ್ರಪ ಮುನಿದರೂ ಭಿಕ್ಷುವಿನ ಬಟ್ಟೆಗೆ ಕುಂದಿಲ್ಲ.

ಮೂರನೆಯ ಗುಹೆಯಲ್ಲಿ ಬೇರೆ ಬಗೆಯ ದಾಖಲೆ. ಗೌತಮೀಪುತ್ರ ಶಾತಕರ್ಣಿ ರಾಜಮಾತೆಯೊಡನೆ ಗೋವರ್ಧನದ ಅಮಾತ್ಯನಿಗೆ ಕಳಿಸಿದ ಆದೇಶ: ಭಿಕ್ಷುಗಳಿಗೆ ಹಿಂದೆ ಕೊಟ್ಟ ಹೊಲ ಉಳುಮೆಯಾಗುತ್ತಿಲ್ಲ, ಆ ಹಳ್ಳಿಯಲ್ಲಿ ವಸತಿಯಿಲ್ಲ, ಆದ್ದರಿಂದ ರಾಜಭೂಮಿಯಲ್ಲಿ 100 ನಿವರ್ತನ ಕೊಡತಕ್ಕದ್ದು. ಕಾಗದದ ಮೇಲಿನ ಮಂಜೂರಿಗೂ ಕೈಗೆ ಬಂದ ಹಣಕ್ಕೂ ನಡುವಿನ ಅಂತರವನ್ನು ಬಲ್ಲ ನಮ್ಮ ಖಜಾಂಚಿಯವರು ಇದನ್ನು ಓದಬೇಕು. ಆ ಭೂಮಿಗೆ ರಾಜಪುರುಷರು ಕಾಲಿಡಬಾರದು, ಉಪ್ಪಿಗಾಗಿ ಅಗೆಯಬಾರದು, ಜಿಲ್ಲೆಯ ಅಧಿಕಾರಿಗಳು ಕೈಹಾಕಬಾರದೆಂಬ ವಿನಾಯಿತಿಗಳನ್ನೂ ಅದು ಜತೆಗೇ ಹೇಳುತ್ತದೆ. ಕೊಟ್ಟ ಕೈ ಹಿಂದೆ ಸರಿಯುವ ಮಾತು ಕೊಡುವ ಪತ್ರದಲ್ಲೇ ಇದೆ.

ಹೀಗಾಗಿ ಮಹಾಸಭೆಯ ಮುಂದೆ ನಾನೊಂದು ತಿದ್ದುಪಡಿಯನ್ನು ತರುತ್ತಿದ್ದೇನೆ. ಮಕ್ಕಳ ತರಗತಿಗೆ ಸರಕಾರದ ಹಣವನ್ನು ಧಾರಾಳವಾಗಿ ಕೇಳೋಣ; ಕರ್ನಾಟಕವನ್ನಷ್ಟೇ ಅಲ್ಲ, ನಾವು ತೆರಿಗೆ ಕೊಡುವ ಮಹಾರಾಷ್ಟ್ರವನ್ನೂ ಕೇಳೋಣ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಅಲ್ಲಿ ಅನುದಾನವೆಂಬುದು ಭಿಕ್ಷೆಯಲ್ಲ. ಮಗುವಿಗೆ ಕಾಗುಣಿತ ಕಲಿಸುವುದರಲ್ಲಿ ಮುಚ್ಚಿಡುವಂಥದೂ ಏನಿಲ್ಲ; ಇನ್ಸ್‌ಪೆಕ್ಟರರು ಬಂದು ಕೂತು ಕೇಳಲಿ.

ಪತ್ರಿಕೆಗೆ ಬೇಡ. ಇನ್ನೂರು ಸದಸ್ಯರು ತಲಾ 3,000 ರೂಪಾಯಿ ಕೊಟ್ಟರೆ 6 ಲಕ್ಷವಾಗುತ್ತದೆ; ಶೇಕಡಾ 7ರ ಬಡ್ಡಿ ಹಿಡಿದರೂ ವರ್ಷಕ್ಕೆ 42,000. ನಾಲ್ಕು ಸಂಚಿಕೆಗಳ ಮುದ್ರಣಕ್ಕೆ ಇದು ಸಾಕು, ಅಂಚೆವೆಚ್ಚಕ್ಕೆ ಸಾಲದು. ಅದನ್ನು ಚಂದಾದಿಂದ ತೂಗಿಸಬೇಕು. ತಾಯ್ನಾಡಿನ ಸರಕಾರ ಈ ಮೂಲಧನಕ್ಕೆ ಒಂದೇ ಬಾರಿ, ಒಂದೇ ಕಂತಿನಲ್ಲಿ ಏನಾದರೂ ಸೇರಿಸುವುದಾದರೆ ಅದನ್ನು ತಲೆಬಾಗಿ ಸ್ವೀಕರಿಸಲು ನನ್ನ ಅಡ್ಡಿಯಿಲ್ಲ. ವರ್ಷವರ್ಷದ ಅರ್ಜಿಗೆ ಮಾತ್ರ ನನ್ನ ರುಜು ಸಿಗದು. ಸಭೆ ಮೂಲ ಠರಾವನ್ನೇ ಅಂಗೀಕರಿಸಿದರೆ ಸಂಪಾದಕತ್ವವನ್ನು ಬೇರೆಯವರಿಗೆ ವಹಿಸಿಕೊಟ್ಟು, ಲೇಖನ ಬರೆಯುವವನಾಗಿ ಮಾತ್ರ ಉಳಿಯುತ್ತೇನೆ. ನನ್ನ ಪಾಲಿನ 3,000 ರೂಪಾಯಿ ಕಳೆದ ವಾರವೇ ಖಜಾಂಚಿಯವರನ್ನು ತಲುಪಿದೆ. ಅದನ್ನು ಬರೆದುಕೊಳ್ಳಲು ಅವರು ಹೊಸ ಖಾತೆಪುಸ್ತಕವೊಂದನ್ನು ತಂದಿದ್ದಾರೆ.